ವನುವಾಟುಗೆ ಯಾವ ಬೈಬಲ್?

ದಂಪತಿಯಾಗಿ ಪೆಸಿಫಿಕ್ ಸಾಗರದ ದೇಶ ವನುವಾಟುವಿನ ದೂರದ ದ್ವೀಪಗಳಿಗೆ ಹೋಗುತ್ತಿದ್ದೇವೆ, ಹಂಚಲು ಇಂಗ್ಲಿಷ್ ಬೈಬಲ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅಲ್ಲಿ ನೂರಕ್ಕೂ ಜಾಸ್ತಿ ಭಾಷೆಗಳಿವೆ, ಎಲ್ಲರನ್ನೂ ಬೆಸೆಯುವುದು ಬಿಸ್ಲಾಮಾ. ಅದರ ಪೂರ್ತಿ ಬೈಬಲ್ 1998ರಲ್ಲೇ ಬಂದಿದೆ, ಅದನ್ನೇ ಒಯ್ಯಿರಿ. ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ದೋಣಿಗೆ ಒಂದು ಅಲೆ ಬಡಿದರೂ ಹಾಳೆಗಳು ಅಂಟಿಕೊಂಡುಬಿಡುತ್ತವೆ. ಊರು ತಲುಪಿದ ಕೂಡಲೇ ಮೊದಲು ಅಲ್ಲಿನ ಮುಖ್ಯಸ್ಥರನ್ನು ಕಾಣಿ.

ಆದರೆ ದಾನ ಕೊಡುವವರ ಹಾಗೆ ಮಾತ್ರ ಹೋಗಬೇಡಿ. 1848ರಲ್ಲಿ ವನುವಾಟುವಿನ ಅನೈಟ್ಯುಮ್ ದ್ವೀಪಕ್ಕೆ ಬಂದ ಮಿಷನರಿಗಳಾದ ಜಾನ್ ಮತ್ತು ಶಾರ್ಲೆಟ್ ಗೆಡ್ಡಿ ದಂಪತಿ ಮೊದಲು ಅಲ್ಲಿನ ಭಾಷೆ ಕಲಿತರು. ಆಮೇಲೆ ಆ ಭಾಷೆಯ ಬೈಬಲ್ ಅಚ್ಚು ಹಾಕಿಸಲು ದುಡ್ಡು ಕೂಡಿಸಿದ್ದು ದ್ವೀಪದ ಜನರೇ. ಗೆಡ್ಡೆ ತುರಿದು, ತೊಳೆದು, ಬಿಸಿಲಿಗೆ ಒಣಗಿಸಿದ ಆರಾರೂಟ್ ಹಿಟ್ಟು ಮಾರಿ! ನಮ್ಮ ಕೂವೆಹಿಟ್ಟಿನ ಹಾಗೆ, ಎಷ್ಟು ಬೆವರು ಬೇಡುವ ಕೆಲಸ ಅಲ್ವಾ? ನೆನೆದಾಗೆಲ್ಲ ನನಗೆ ಕಣ್ಣು ತುಂಬುತ್ತದೆ.

ಹೊರಡುವ ಮುನ್ನ ಬಿಸ್ಲಾಮಾ ಒಂಚೂರು ಕಲಿಯಿರಿ. ‘ತಾಂಕ್ಯು ತುಮಾಸ್’ ಅಂದರೆ ತುಂಬಾ ಧನ್ಯವಾದ.