ರೊಟ್ಟಿ ಮಷೀನಿನ ಬಿಲ್ಲು, ಸೀರೆಯ ಬಿಲ್ಲು

ಪ್ರಶ್ನೆ: ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದೇನೆ. ರೊಟ್ಟಿ ಮಷೀನಿಗೆ 1,20,000 ರೂಪಾಯಿ ಕೊಟ್ಟೆ. ಅದು, ಕರೆಂಟ್ ಬಿಲ್, ಸ್ಕೂಟರ್ ಪೆಟ್ರೋಲ್, ಮೇಳಗಳಿಗೆಂದು ಕೊಂಡ ಸೀರೆ, ಎಲ್‌ಐಸಿ ಕಂತು, ಎಲ್ಲವನ್ನೂ ಆದಾಯ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚಿಗೆ ಹಾಕಬಹುದಾ? ನನಗೆ ನಾನೇ ತಿಂಗಳಿಗೆ 15,000 ಸಂಬಳ ಬರೆದುಕೊಳ್ಳಬಹುದಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಸೀರೆಯನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಮೇಳಕ್ಕೆ ಉಟ್ಟ ಸೀರೆ ಮದುವೆಗೂ ಆಗುತ್ತದೆ ಅಲ್ವಾ? ಪೂರ್ತಿ ವ್ಯಾಪಾರಕ್ಕೇ ಆದ ಖರ್ಚನ್ನು ಮಾತ್ರ ಕಾನೂನು ಒಪ್ಪುತ್ತದೆ. ಏಪ್ರನ್, ಟೋಪಿ, ಕೈಗವಸು ಧಾರಾಳವಾಗಿ ಬರೆಯಿರಿ. ಎಲ್‌ಐಸಿ ನಿಮ್ಮ ಸ್ವಂತದ್ದು, ವ್ಯಾಪಾರದ್ದಲ್ಲ. ಸಂಬಳವೂ ಆಗುವುದಿಲ್ಲ. ಮಾಲೀಕರು ತೆಗೆದುಕೊಂಡ ದುಡ್ಡು ಲಾಭದಲ್ಲೇ ಸೇರಿದ್ದು. ರೊಟ್ಟಿ ಬಡಿಯಲು ಬರುವವರಿಗೆ ಕೊಟ್ಟ ಕೂಲಿ ಮಾತ್ರ ಖರ್ಚು.

ಮಷೀನಿನ ದುಡ್ಡು ಒಂದೇ ವರ್ಷ ಕಳೆಯಲು ಬರುವುದಿಲ್ಲ. ವರ್ಷಕ್ಕೆ 15% ಸವಕಳಿ, ಅಂದರೆ ಮೊದಲ ವರ್ಷ 18,000. ಆ ವರ್ಷ 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅದರಲ್ಲಿ ಅರ್ಧ, 9,000. ಮುಂದಿನ ವರ್ಷ ಉಳಿದ ಮೊತ್ತದ ಮೇಲೆ ಲೆಕ್ಕ. ಕರೆಂಟು, ಪೆಟ್ರೋಲಿನಲ್ಲಿ ವ್ಯಾಪಾರಕ್ಕೆ ಹೋದ ಪಾಲು ಮಾತ್ರ ಬರೆಯಬೇಕು. ಮಷೀನಿಗೆ ಬೇರೆ ಸಬ್‌ಮೀಟರ್ ಹಾಕಿಸಿದರೆ ಜಗಳವೇ ಇಲ್ಲ. ಜೋಳ ಕೊಳ್ಳುವಾಗಲೂ ಹುಷಾರು. ಒಂದೇ ಅಂಗಡಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಬೆಳೆದ ರೈತರಿಂದಲೇ ನೇರ ಕೊಂಡರೆ ಈ ಕಟ್ಟು ಇಲ್ಲ.

ಇಷ್ಟು ಹೇಳಿದ ಮೇಲೆ ಅಸಲು ಮಾತು. ಇಷ್ಟೆಲ್ಲ ಬಿಲ್ಲು ಜೋಡಿಸುವ ಕೆಲಸ ನಿಮಗೆ ಬೇಕಾ? ವಹಿವಾಟು 2 ಕೋಟಿಯೊಳಗಿದ್ದರೆ ಅಂದಾಜು ಲಾಭ ತೋರಿಸುವ ದಾರಿಯಿದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಅಂತ ಲೆಕ್ಕಿಗರು ಹೇಳುವುದು ಇದನ್ನೇ. ಯುಪಿಐ, ಬ್ಯಾಂಕಿನಿಂದ ಬಂದ ಮಾರಾಟಕ್ಕೆ 6%, ನಗದಿಗೆ 8% ಲಾಭ. 9 ಲಕ್ಷ ಯುಪಿಐ, 3 ಲಕ್ಷ ನಗದು ಬಂದಿದ್ದರೆ 54,000 ಮತ್ತು 24,000, ಒಟ್ಟು 78,000. ಆಮೇಲೆ ಮಷೀನಿನ ಸವಕಳಿಯೂ ಸೇರಿದಂತೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಇದು ಕನಿಷ್ಠ ಲೆಕ್ಕ, ನಿಜವಾದ ಲಾಭ ಜಾಸ್ತಿ ಇದ್ದರೆ ಅದನ್ನೇ ತೋರಿಸಿ. ರೊಟ್ಟಿ ವ್ಯಾಪಾರದಲ್ಲಿ ನೂರಕ್ಕೆ ಆರೇ ರೂಪಾಯಿ ಉಳಿಯುತ್ತದೆ ಅಂದರೆ ನಾನಂತೂ ನಂಬುವುದಿಲ್ಲ. ಒಮ್ಮೆ ಈ ದಾರಿ ಹಿಡಿದು ಐದು ವರ್ಷದೊಳಗೆ ಬಿಟ್ಟರೆ, ಮತ್ತೆ ಐದು ವರ್ಷ ಇತ್ತ ಬರಲು ಬಿಡುವುದಿಲ್ಲ. ಹಾಗಾಗಿ ಯೋಚಿಸಿ ಹಿಡಿಯಿರಿ.

ಇನ್ನೂ ಒಂದು ಸಮಾಧಾನ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಆದಾಯ ಒಟ್ಟು 12 ಲಕ್ಷದೊಳಗಿದ್ದರೆ ರಿಬೇಟ್ ಕಳೆದು ತೆರಿಗೆಯೇ ಬೀಳುವುದಿಲ್ಲ. ಸುಮ್ನೆ ಸೀರೆಗಾಗಿ ಇಲಾಖೆಯ ಜತೆ ವಾದ ಯಾಕೆ?

ಈ ವಾರವೇ ಬ್ಯಾಂಕಿನಲ್ಲಿ ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ. ಕ್ಯೂಆರ್ ಕೋಡು ಆ ಖಾತೆಗೇ ಇರಲಿ. ಮಕ್ಕಳ ಟ್ಯೂಷನ್ ಫೀ, ಗ್ಯಾಸ್ ಬುಕಿಂಗ್ ಅಲ್ಲಿಂದ ಬೇಡ.