‘ಆಟಿಕೆ ಮನೆ ಥರ ಇದೆ’ ಎಂಬ ಒಂದು ಮಾತು

ಆಪ್ತ ಸಲಹೆಗೆ ನಮ್ಮಲ್ಲಿಗೆ ಬಂದವರು ಚಿಕ್ಕಮಗಳೂರು ಕಡೆಯ 23 ವರ್ಷದ ಯುವತಿ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇವೆ. ಬ್ಲೆಂಡರ್ ಎಂಬ 3ಡಿ ಚಿತ್ರ ಕಟ್ಟುವ ತಂತ್ರಾಂಶದಲ್ಲಿ ಎರಡು ತಿಂಗಳು ಕೂತು ಒಂದು ದೃಶ್ಯ ಕಟ್ಟಿದ್ದರು: ಹೆಂಚಿನ ಮನೆ, ಮುಂದೆ ಕಣದಲ್ಲಿ ಹರಡಿದ ಕಾಫಿ, ಬೆಳಗಿನ ಬಿಸಿಲು. ಹಾಸನದಲ್ಲಿರುವ ಕಾಲೇಜಿನ ಸೀನಿಯರ್‌ಗೆ ರೆಂಡರ್ (ದೃಶ್ಯದಿಂದ ತೆಗೆದ ಚಿತ್ರ) ಕಳಿಸಿ "ಹೇಗಿದೆ ಅಣ್ಣಾ?" ಎಂದು ಕೇಳಿದರು. "ಆಟಿಕೆ ಮನೆ ಥರ ಇದೆ ಕಣಮ್ಮ. ಲೈಟಿಂಗೂ ಸರಿಯಿಲ್ಲ" ಎಂದು ಉತ್ತರ ಬಂತು. ಆಮೇಲೆ ಮೂರು ವಾರ ಆ ಫೈಲ್ ತೆರೆಯಲಿಲ್ಲ. ನಿದ್ದೆಯೂ ಕೆಟ್ಟಿತ್ತು.

ಅದು ಆಕೆಯ ಅಜ್ಜನ ಮನೆ. ಈಗ ಬೇರೆಯವರ ಪಾಲಾಗಿದೆ. ಸೀನಿಯರ್‌ಗೆ ಅದು ತಿಳಿದಿರಲಿಲ್ಲ, ಈಕೆ ಹೇಳಿರಲೂ ಇಲ್ಲ.

ಮೊದಲ ಭೇಟಿಯಲ್ಲಿ ನೋವಿನ ಮಾತಷ್ಟೇ ಆಯಿತು. ಅದಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಎರಡನೆಯದಕ್ಕೆ ಲ್ಯಾಪ್‌ಟಾಪ್ ತರಿಸಿ, ಆ ಎರಡು ವಾಕ್ಯಗಳನ್ನು ಹಾಳೆಯ ಮೇಲೆ ಬರೆಸಿ, ಕೆಳಗೆ ಒಂದೇ ಪ್ರಶ್ನೆ ಇಟ್ಟೆವು: ಚಿತ್ರದಲ್ಲಿ ಏನನ್ನು ಕಂಡು ಹಾಗೆ ಅನ್ನಿಸಿರಬಹುದು?

ನಿಜವಾದ ಮನೆಯ ಅಳತೆಯಲ್ಲಿ ಮಾಡಿನ ಇಳಿಜಾರು 4 ಮೀಟರ್. ಮಂಗಳೂರು ಹೆಂಚು ಸುಮಾರು 41 ಸೆಂ.ಮೀ. ಉದ್ದ, ಒಂದರ ಮೇಲೊಂದು ಕೂತ ಮೇಲೆ ಹೊರಗೆ ಕಾಣುವುದು 32ರ ಆಸುಪಾಸು. ಅಂದರೆ 12–13 ಸಾಲು ಬರಬೇಕು. ಆಕೆಯ ಮಾಡಿನಲ್ಲಿದ್ದದ್ದು 6. ಹೆಂಚು ದೊಡ್ಡದಾದಷ್ಟೂ ಮನೆ ಚಿಕ್ಕದಾಗಿ ಕಾಣುತ್ತದೆ. ಬಿಸಿಲಿಗೆ ಬಳಸುವ ಸನ್ ಲೈಟ್‌ನ ಆಂಗಲ್, ಅಂದರೆ ಸೂರ್ಯ ಎಷ್ಟು ಅಗಲ ಎಂಬ ಅಳತೆ, 8 ಡಿಗ್ರಿ ಇತ್ತು. ಆಕಾಶದ ಸೂರ್ಯನ ಅಗಲ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ. ಹಾಗಾಗಿ ಕಣದ ಮೇಲೆ ಬಿದ್ದ ಸೂರಿನ ನೆರಳು ಅಂಚೇ ಇಲ್ಲದೆ ಕಲಸಿಹೋಗಿತ್ತು. ‘ಲೈಟಿಂಗ್ ಸರಿಯಿಲ್ಲ’ ಎಂಬ ಮಾತಿನ ಬೇರು ಇಲ್ಲಿತ್ತು. ಕಂಬ, ಬಾಗಿಲುಗಳ ಅಂಚಿಗೆ ಬೆವೆಲ್ (ಚೂಪು ಅಂಚನ್ನು ತುಸು ಸವರುವುದು) ಇರಲಿಲ್ಲ; 3–5 ಮಿ.ಮೀ. ಕೊಟ್ಟರೂ ಸಾಕು, ಅಂಚು ಬೆಳಕು ಹಿಡಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ. ಬ್ಲೆಂಡರ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ಆಕೆ ಇಡೀ ದೃಶ್ಯವನ್ನು ನಿಜದ ಹತ್ತನೇ ಒಂದು ಭಾಗದ ಅಳತೆಯಲ್ಲಿ ಕಟ್ಟಿದ್ದರು. ಮೊಣಕಾಲೆತ್ತರದ ಮನೆಯನ್ನು ಕ್ಯಾಮೆರಾ ತೀರ ಹತ್ತಿರದಿಂದ ನೋಡುತ್ತಿತ್ತು, ಎಫ್-ಸ್ಟಾಪ್ (ಲೆನ್ಸ್ ಎಷ್ಟು ತೆರೆದಿದೆ ಎಂಬ ಅಂಕಿ) 2.8ಕ್ಕೆ ಹಿಂದಿನ ಸಿಲ್ವರ್ ಓಕ್ ಮರಗಳೆಲ್ಲ ಮಸುಕಾಗಿದ್ದವು. ಪರಿಹಾರ: 3ಡಿ ಕರ್ಸರ್ (ದೃಶ್ಯದಲ್ಲಿ ನಾವೇ ಇಡುವ ಗುರುತು) ಅನ್ನು ಕೇಂದ್ರವಾಗಿಟ್ಟು ಎಲ್ಲವನ್ನೂ 10 ಪಟ್ಟು ಹಿಗ್ಗಿಸಿ, ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡುವುದು, ಅಂದರೆ ಹೊಸ ಅಳತೆಯನ್ನೇ ಮೂಲ ಅಳತೆಯಾಗಿಸುವುದು. ಫೋಕಸ್ ದೂರ, ಬೆವೆಲ್ ಅಗಲ ತಾವಾಗಿ ಬದಲಾಗುವುದಿಲ್ಲ. ಅವನ್ನು ಕೈಯಾರೆ ತಿದ್ದಬೇಕು.

ಪಟ್ಟಿ ನೋಡಿ ಆಕೆ ಹೇಳಿದ್ದು: "ಅಂದ್ರೆ ಅವರು ನೋಡಿದ್ದು ಸರಿಯೇ ಮೇಡಂ." ನೋಡಿದ್ದು ಸರಿ, ಹೇಳಿದ ರೀತಿ ಸರಿಯಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಲು ಕಲಿಯುವುದೇ ಈ ಪ್ರಕರಣದ ಮುಖ್ಯ ಕೆಲಸವಾಗಿತ್ತು.

ಆಕೆಗೆ ಹೇಳಿದ್ದು: ‘ಹೇಗಿದೆ?’ ಎಂದರೆ ತೀರ್ಪು ಕೇಳಿದಂತೆ. ‘ಮನೆ ನಿಜವಾದ ಅಳತೆಯದು ಅನ್ನಿಸುತ್ತದೆಯೇ?’ ಎಂದು ಕೇಳಿ. ಕೆಲಸ ಯಾವ ಹಂತದಲ್ಲಿದೆ ಎಂದು ತಿಳಿಸಿ. ಬಣ್ಣವಿಲ್ಲದ ಬೂದು ಕ್ಲೇ ರೆಂಡರ್ ಮತ್ತು ಅಳತೆಗೆ ಇಟ್ಟುಕೊಂಡ ಫೋಟೋವನ್ನು ಜೊತೆಗಿಡಿ. ಮುಗಿದ ಮೇಲಲ್ಲ, ಅರ್ಧದಲ್ಲೇ ತೋರಿಸಿ. ಟೆಕ್ಸ್ಚರ್ (ಮೇಲ್ಮೈಯ ಬಣ್ಣ, ವಿನ್ಯಾಸ) ಹಾಕಿದ ಮೇಲೆ ಅಳತೆ ತಪ್ಪೆಂದು ತಿಳಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಬಂದ ಮಾತಿಗೆ ಅದೇ ದಿನ ಉತ್ತರ ಬರೆಯಬೇಡಿ. ಒಬ್ಬರು ‘ಬೆಳಕು ಹೆಚ್ಚಿಸು’, ಇನ್ನೊಬ್ಬರು ‘ಕತ್ತಲು ಬೇಕು’ ಎಂದರೆ ಗೊಂದಲ ಬೇಡ. ಕಣ್ಣು ಎಲ್ಲಿ ನಿಲ್ಲಬೇಕೆಂದು ಇಬ್ಬರಿಗೂ ತಿಳಿದಿಲ್ಲ ಅಂತಲೇ ಹೆಚ್ಚಿನ ಸಲ ಅದರ ಅರ್ಥ.

ಆಕೆಯ ಒಪ್ಪಿಗೆ ಪಡೆದು ಸೀನಿಯರ್ ಅವರನ್ನೂ ಕರೆಸಿದೆವು. ಕೆಟ್ಟ ಮನಸ್ಸಿನವರಲ್ಲ, ಆತುರದವರು. ಅವರಿಗೆ ಕೊಟ್ಟ ಸಲಹೆ: ಜಾಗ ಹೇಳಿ, ಕಂಡದ್ದು ಹೇಳಿ, ಕಾರಣ ಊಹಿಸಿ; ಒಂದು ಸಲಕ್ಕೆ ಮೂರೇ ಅಂಶ, ಅಳತೆ ಮತ್ತು ಬೆಳಕು ಮೊದಲು. ಕೇಳದೆ ಚಿತ್ರದ ಮೇಲೆ ಗೀಚಿ ತಿದ್ದಬೇಡಿ.

ತಿದ್ದಿದ ರೆಂಡರ್‌ಗೆ ಅವರು ಬರೆದದ್ದು: "ಎಡಗಡೆ ಸೂರಿನ ಮೂಲೇಲಿ ಎರಡು ಹೆಂಚು ಒಡೆದಿದೆ, ಕಣ್ಣು ಅಲ್ಲಿಗೇ ಹೋಗುತ್ತೆ. ಬೇಕಂತಲೇ ಇಟ್ಟಿದ್ದೀಯಾ?" ಆಕೆಯ ಉತ್ತರ: "ಹೌದು ಅಣ್ಣಾ, ಅಜ್ಜ ಇದ್ದಾಗಲೂ ಅದು ಹಾಗೇ ಇತ್ತು. ಇರಲಿ."