ಸೊನ್ನೆ ಹಾಕುವ ಮುಂಚೆ ರಿಪೋರ್ಟ್ ತೆರೆದು ನೋಡಿ

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳ ಅಸೈನ್‌ಮೆಂಟಿನಲ್ಲಿ ಕಾಪಿ ಪತ್ತೆಹಚ್ಚುವ ಸಾಫ್ಟ್‌ವೇರ್ ಬೇರೆ ಬರಹಗಳ ಜೊತೆ ಶೇ. 38ರಷ್ಟು ಹೋಲಿಕೆ ತೋರಿಸಿದೆ. ಸೊನ್ನೆ ಕೊಡಲೇ?

ಉತ್ತರ: ಪ್ರತಿ ಸಲ ಇದೇ ಪ್ರಶ್ನೆ. ರಿಪೋರ್ಟ್ ಒಳಗೆ ಏನಿದೆ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಸಾಫ್ಟ್‌ವೇರ್ ಕಳ್ಳತನ ಹಿಡಿಯುವುದಿಲ್ಲ. ಅದೇ ಪದಗಳು ಬೇರೆಲ್ಲಿವೆ ಅಂತ ತೋರಿಸುತ್ತದೆ, ಅಷ್ಟೇ. 'ಶೇ. 10ರವರೆಗೆ ಕಾಪಿ ಮಾಡಬಹುದು' ಅನ್ನುವುದಂತೂ ಶುದ್ಧ ಸುಳ್ಳು. ಯುಜಿಸಿಯ 2018ರ ನಿಯಮ ಅಷ್ಟರೊಳಗಿನ ಸಣ್ಣಪುಟ್ಟ ಹೋಲಿಕೆಗೆ ದಂಡವಿಲ್ಲ ಅನ್ನುತ್ತದೆ. ಹೆಸರು ಹೇಳದೆ ಎತ್ತಿಕೊಳ್ಳಿ ಅನ್ನುವುದಿಲ್ಲ.

ಇಂಥ ಅಸೈನ್‌ಮೆಂಟ್ ಬೇಕಾದಷ್ಟು ನೋಡಿದ್ದೇನೆ. ಪುಸ್ತಕದಲ್ಲಿ 'ಮಾನ್ಸೂನ್ ಈಸ್ ದ ಬ್ಯಾಕ್‌ಬೋನ್ ಆಫ್ ಇಂಡಿಯನ್ ಅಗ್ರಿಕಲ್ಚರ್' ಅಂತಿದ್ದರೆ, ಇವರು 'ಮಾನ್ಸೂನ್ ಈಸ್ ದ ಸ್ಪೈನ್ ಆಫ್ ಇಂಡಿಯನ್ ಫಾರ್ಮಿಂಗ್' ಅಂತ ಬರೆದಿರುತ್ತಾರೆ. ಎರಡು ಪದ ಬದಲು, ವಾಕ್ಯದ ಕಟ್ಟು ಹಾಗೇ. ಬರವಣಿಗೆ ಕಲಿಸುವ ಅಮೆರಿಕದ ಪ್ರಾಧ್ಯಾಪಕಿ ರೆಬೆಕಾ ಮೂರ್ ಹೋವರ್ಡ್ ಇದನ್ನು 'ಪ್ಯಾಚ್‌ರೈಟಿಂಗ್' ಅಂದರು. ಇದು ಬರೆಯಲು ಕಲಿಯುವ ದಾರಿಯಲ್ಲಿ ಬರುವ ಒಂದು ಹಂತ ಅಂತ 1990ರ ದಶಕದಲ್ಲೇ ವಾದಿಸಿದರು. ಗೈಡಿನ ಪ್ರಬಂಧ ಬಾಯಿಪಾಠ ಮಾಡಿ ಬರೆದಾಗ ಶಹಬ್ಬಾಸ್ ಅಂದವರು ಮೇಷ್ಟ್ರುಗಳೇ ಅಲ್ವಾ? ಈಗ ಏಕಾಏಕಿ ಕದ್ದಿದ್ದೀಯ ಅಂದರೆ ಆ ಹುಡುಗಿ ಏನು ಮಾಡಬೇಕು?

ಒಂದು ಪ್ಯಾರಾ ಓದಿಸಿ. ಪುಸ್ತಕ ಮುಚ್ಚಿಸಿ. ಪಕ್ಕದವಳಿಗೆ ಅದನ್ನು ಕನ್ನಡದಲ್ಲಿ ಹೇಳಲಿ, ಆಮೇಲೆ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆಯಲಿ. ಗ್ರಾಮರ್ ತಪ್ಪಿದರೂ ಪರವಾಗಿಲ್ಲ. ಯಾರ ಪುಸ್ತಕ, ಯಾವ ಪುಟ ಅಂತ ಕೆಳಗೆ ಬರೆಸಿ. ಇಡೀ ಅಸೈನ್‌ಮೆಂಟ್ ತಿದ್ದಲು ಒಂದು ವಾರ ಕೊಡಿ. ದುಡ್ಡು ಕೊಟ್ಟು ಬರೆಸಿಕೊಂಡು ಬಂದವರಿಗೆ ಈ ರಿಯಾಯಿತಿ ಬೇಡ, ಅಲ್ಲಿ ಸೊನ್ನೆಯೇ ಸರಿ. 'ಪರ್ಸೆಂಟೇಜ್ ಇಳಿಸಿಕೊಡ್ತೀವಿ' ಅನ್ನುವ ಅಂಗಡಿಗಳಿಗಂತೂ ಯಾರನ್ನೂ ಕಳಿಸಬೇಡಿ. ಅವರು ಮಾಡುವುದೂ ಇದೇ ಪದ ಬದಲಿಸುವ ಕೆಲಸ, ಅದೂ ಮಕ್ಕಳ ದುಡ್ಡು ಕಿತ್ತುಕೊಂಡು.

ಪ್ರಶ್ನೆ: ಚೆಕ್ಕರ್ 'ಎಐ ಬರೆದದ್ದು' ಅಂದರೆ ನಂಬಬಹುದಾ?

ಉತ್ತರ: ಬೇಡ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದಿದ್ದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಚೆಕ್ಕರ್‌ಗಳು ಎಐ ಅಂದಿದ್ದವು.

ಪ್ರಶ್ನೆ: ಕನ್ನಡ ಲೇಖನವನ್ನು ಇಂಗ್ಲಿಷಿಗೆ ಅನುವಾದಿಸಿ ನನ್ನದು ಅನ್ನಬಹುದಾ?

ಉತ್ತರ: ಇಲ್ಲ. ಅನುವಾದದ ಹಕ್ಕೂ ಮೂಲ ಲೇಖಕರದ್ದೇ.

ಪ್ರಶ್ನೆ: ಪಾಠಕ್ಕಾಗಿ ಪುಸ್ತಕದ ಪುಟಗಳನ್ನು ಝೆರಾಕ್ಸ್ ಮಾಡಿಸಿ ಹಂಚುವುದು ತಪ್ಪಾ?

ಉತ್ತರ: ಪಾಠಕ್ಕೆ ಬೇಕಾದಷ್ಟಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಆದರೆ ಲೇಖಕರ ಹೆಸರಿಲ್ಲದೆ ಹಂಚಬೇಡಿ. ಮಕ್ಕಳಿಗೆ ಹೆಸರು ಬರೆಯಿರಿ ಅನ್ನುವವರು ಮೊದಲು ತಾವು ಬರೆಯಬೇಕು.